ಅವಳ ನೀರು, ಅವನ ಫೋನು

"ಅಲ್ಲೇ ನಿಂತ್ಕೊಳ್ಳಿ. ಒಂದು ಹೆಜ್ಜೆ ಅಲ್ಲಾಡಿದ್ರೂ ಸರಿ ಇರಲ್ಲ."

ಹಿಪ್ಪುನೇರಳೆ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದವನು ತಲೆ ಎತ್ತಿದ. ಎದುರಿಗೆ ಕುಡುಗೋಲು ಹಿಡಿದ ಹುಡುಗಿ. ಸೊಂಟಕ್ಕೆ ಬಿಗಿದ ವೇಲು, ತಲೆಗೆ ಸುತ್ತಿದ ಅಪ್ಪನ ಟವಲು, ಮುಖದ ತುಂಬಾ ಕೋಪ. ಅವನ ಕೈಯಲ್ಲಿ ಮಣ್ಣು ಮೆತ್ತಿದ ಒಂದು ಕಪ್ಪು ಕಡ್ಡಿ, ಅದಕ್ಕೊಂದು ವೈರು. ಪಕ್ಕದಲ್ಲಿ ಆಗಷ್ಟೇ ತೋಡಿದ ಗುಂಡಿ.

ಬೆಳಬೆಳಿಗ್ಗೆ ಬೇರೆಯವರ ಹೊಲದಲ್ಲಿ ಗುಂಡಿ ತೋಡಿ ಏನನ್ನೋ ಹೂಳುವ ಗಂಡಸನ್ನು ಕಂಡರೆ ನಿಮಗೇನನ್ನಿಸುತ್ತದೆ ಹೇಳಿ? ಮಾಟ ಅನ್ನಿಸುತ್ತದೆ, ಇಲ್ಲವೇ ಕಳ್ಳತನ ಅನ್ನಿಸುತ್ತದೆ. ಹೇಮಶ್ರೀಗೆ ಎರಡೂ ಒಟ್ಟಿಗೇ ಅನ್ನಿಸಿದ್ದವು.

"ಏನದು ಹೂಳ್ತಾ ಇರೋದು? ಯಾರು ಕಳ್ಸಿದ್ದು ನಿಮ್ಮನ್ನ?"

"ಕೆಂಪಣ್ಣೋರು..."

"ಅವ್ರು ನಮ್ಮಪ್ಪ."

"ಅಂಗಾದ್ರೆ ನಿಮ್ಮಪ್ಪನೇ ಕಳ್ಸಿದ್ದು ಕಣ್ರೀ," ಎಂದ ಅವನು ನಗು ತಡೆದುಕೊಂಡು. "ಆ ಕುಡ್ಲು ಒಸಿ ಕೆಳಗಿಡಿ. ಮಾತಾಡಕ್ಕೆ ಭಯ ಆಯ್ತದೆ."

ಅವಳು ಇಡಲಿಲ್ಲ. ಅವನು ಕುಡುಗೋಲನ್ನೇ ನೋಡುತ್ತ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ. ಹೆಸರು ನಿಂಗರಾಜು, ಊರು ನಾಗಮಂಗಲದ ಕಡೆ. ನೀರು ಉಳಿಸುವ ಯಂತ್ರ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಈ ಕಡ್ಡಿ ನೆಲದೊಳಗಿನ ತೇವ ನೋಡುತ್ತದೆ. ಮೇಲೆ ನೆಡುವ ಕಂಬದಲ್ಲಿ ಒಂದು ಸಿಮ್ಮು, ಒಂದು ಸೋಲಾರ್ ತಟ್ಟೆ. ನೆಲ ಒಣಗಿದರೆ ಹನಿ ನೀರಾವರಿಯ ವಾಲ್ವು ತಾನಾಗಿಯೇ ತೆರೆಯುತ್ತದೆ, ತೇವ ಸಾಕಾದರೆ ಮುಚ್ಚಿಕೊಳ್ಳುತ್ತದೆ. ಫೋನಿನಲ್ಲಿ ಹಸಿರು ಚುಕ್ಕೆ ಕಂಡರೆ ನೆಲ ತಣ್ಣಗಿದೆ, ಕೆಂಪು ಕಂಡರೆ ನೀರು ಬೇಕು ಎಂದು ಲೆಕ್ಕ.

"ಅಂದ್ರೆ ನಮ್ಮ ಬೋರಿನ ಕೀಲಿ ನಿಮ್ಮ ಫೋನಲ್ಲಿರ್ತದೆ ಅನ್ನಿ."

"ನಿಮ್ಮ ಫೋನಲ್ಲೂ ಇರ್ತದೆ."

"ನಿಮ್ಮದ್ರಲ್ಲಿ ಯಾಕಿರ್ಬೇಕು?"

"ಪರೀಕ್ಷೆಗೆ ಅಂತ ಹಾಕ್ತಿರೋದಲ್ವಾ... ಎಷ್ಟು ನೀರು ಉಳೀತು ಅಂತ ಕಂಪನಿ ನೋಡ್ಬೇಕು. ಉಳಿದ್ರೆ ನಿಮ್ಮೂರಿಗೆಲ್ಲಾ ಹಾಕ್ಕೊಡ್ತಾರೆ."

"ನಿಮಗೇನು ಸಿಗ್ತದೆ?"

"ನನ್ನ ಕೆಲಸ ಉಳೀತದೆ," ಎಂದ ನಿಂಗರಾಜು.

ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ಬಂದ ಕೆಂಪಣ್ಣ ಮಗಳ ಕೈಯಿಂದ ಕುಡುಗೋಲು ಕಿತ್ತುಕೊಂಡರು. "ನಾನೇ ಒಪ್ಕಂಡಿದ್ದು ಬುಡವ್ವ. ನಿಂಗೆ ಹೇಳಕ್ಕೆ ಧೈರ್ಯ ಬರ್ಲಿಲ್ಲ."

ಹೇಮಶ್ರೀ ಹುಟ್ಟಾ ಅನುಮಾನದವಳೇನಲ್ಲ. ಬೂಕನಕೆರೆ ಹತ್ತಿರದ ಆ ಊರಿನ ಏರು ಭೂಮಿಗೆ ನಾಲೆ ನೀರು ಹತ್ತುವುದಿಲ್ಲ. ಸುತ್ತಲಿನ ಬೋರುಗಳು ಒಂದೊಂದಾಗಿ ಕೈಕೊಟ್ಟರೂ ಇವರದ್ದು ಮಾತ್ರ ಇನ್ನೂ ಉಸಿರಾಡುತ್ತಿತ್ತು. ಅವ್ವ ತೀರಿಹೋದ ಮೇಲೆ ಆ ನೀರನ್ನೇ ನಂಬಿ ರೇಷ್ಮೆ ಹುಳ ಸಾಕಿ ಮನೆ ನಡೆಸುತ್ತಿದ್ದವಳು ಅವಳೇ. ಹೋದ ವರ್ಷ ಪಕ್ಕದೂರಿನಿಂದ ಹುಡುಗಿ ನೋಡಲು ಬಂದಿದ್ದರು. ಹುಡುಗನ ಅಪ್ಪ ಉಪ್ಪಿಟ್ಟು ಮುಗಿಸುವ ಮೊದಲೇ, "ಬೋರಲ್ಲಿ ನೀರು ಎಂಗದೆ? ನಮ್ಮ ಹೊಲದ ತನಕ ಪೈಪು ಎಳೀಬೌದಾ?" ಎಂದು ಕೇಳಿದ್ದ. ಹುಡುಗ ಒಮ್ಮೆಯೂ ಇವಳ ಮುಖ ನೋಡಿರಲಿಲ್ಲ, ಕಿಟಕಿಯಾಚೆಯ ಪಂಪ್‌ಹೌಸನ್ನೇ ನೋಡುತ್ತಿದ್ದ. ಅಂದಿನಿಂದ ಯಾರು ನಗುತ್ತ ಮಾತಾಡಿಸಿದರೂ ಸರಿ, ಇವರಿಗೆ ಬೇಕಿರುವುದು ನಾನೋ ನನ್ನ ನೀರೋ ಎಂದು ಅವಳು ಮೊದಲು ಕೇಳಿಕೊಳ್ಳುತ್ತಿದ್ದಳು.

ಇವನಂತೂ ನೇರವಾಗಿ ನೀರಿಗೇ ಕೈ ಹಾಕಿದ್ದ.

*

ಕಂಬ ನಿಂತಿತು. ತುದಿಯಲ್ಲೊಂದು ಪುಟ್ಟ ದೀಪ ಮಿನುಗತೊಡಗಿತು. ಹೇಮಶ್ರೀ ದಿನವೂ ಹೊಲಕ್ಕೆ ಹೋಗಿ ನೆಲಕ್ಕೆ ಬೆರಳು ತುರುಕಿ ನೋಡುವಳು, ಆಮೇಲೆ ಫೋನು ನೋಡುವಳು. 'ಎಲ್ಲಾದರೂ ಸುಳ್ಳು ಹೇಳು, ನಿನ್ನ ಗ್ರಹಚಾರ ಬಿಡಿಸ್ತೀನಿ' ಎಂದು ಮನಸ್ಸಿನಲ್ಲೇ ಬೈಯುವಳು. ಫೋನು ಸುಳ್ಳು ಹೇಳಲಿಲ್ಲ. ಬೇಸಿಗೆ ಬಲಿತರೆ ಮಧ್ಯಾಹ್ನಕ್ಕೇ ಗೊರಗೊರ ಗಾಳಿ ಉಗುಳುತ್ತಿದ್ದ ಬೋರು ಈ ಸಲ ಸಂಜೆಯವರೆಗೂ ನೀರು ಎತ್ತಿತು. ಹಿಂದೆ ಸಾಲಿನ ಕೊನೆಯಲ್ಲಿ ಸುಮ್ಮನೆ ಹರಿದು ಕಳೆಗೆ ಹೋಗುತ್ತಿದ್ದ ನೀರು ಈಗ ನೆಲದೊಳಗೇ ಉಳಿಯುತ್ತಿತ್ತು.

ಊರಿಗೆ ಬಂದವನು ನೀರಿಗೆ ಬಾರದೆ ಇರುತ್ತಾನೆಯೇ? ಯಂತ್ರ ನೋಡಲು ಬಂದವನು ಮನೆಗೂ ಬಂದ. ಕೆಂಪಣ್ಣ ಮುದ್ದೆ ಉಣ್ಣಲು ಕೂರಿಸಿದರು.

"ನಮ್ಮೂರಲ್ಲೂ ಹುಳ ಸಾಕ್ತಿದ್ರು," ಎಂದ ನಿಂಗರಾಜು ಒಂದು ದಿನ. "ನಮ್ಮವ್ವನೇ ಸಾಕ್ತಿತ್ತು. ಬೋರು ಬತ್ತೋಯ್ತು. ಈಗ ಹುಳದ ಮನೇಲಿ ಕುರಿ ಕಟ್ತೀವಿ. ನೀರಿದ್ದಾಗ ಯಾರೂ ಅಳತೆ ನೋಡ್ಲಿಲ್ಲ."

ಹೇಮಶ್ರೀ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಬಿಟ್ಟ ಮೇಲೆ, ನಾನ್ಯಾಕೆ ಹೀಗೆ ಮಾಡಿದೆ ಎಂದು ತನ್ನ ಮೇಲೇ ಅನುಮಾನಪಟ್ಟಳು.

ಫೋನಿನಲ್ಲಿ ಇನ್ನೊಂದು ವಿಚಿತ್ರವಿತ್ತು. ಇಬ್ಬರೂ ಒಂದೇ ಸಮಯಕ್ಕೆ ಹೊಲದ ಚಿತ್ರ ತೆರೆದರೆ ಮೂಲೆಯಲ್ಲಿ ಇನ್ನೊಬ್ಬರ ಹೆಸರು ಮೂಡುತ್ತಿತ್ತು. 'ನಿಂಗರಾಜು ನೋಡುತ್ತಿದ್ದಾರೆ.' ಮೊದಮೊದಲು ಅದನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು... ನಮ್ಮ ಹೊಲ ನೋಡಲು ಇವನ್ಯಾರು? ಬರಬರುತ್ತಾ ಅವಳು ಕಾಫಿ ಲೋಟ ಹಿಡಿದು ಕೂತು ಆ ಹೆಸರು ಮೂಡುವುದನ್ನೇ ಕಾಯತೊಡಗಿದಳು. ಮೂಡಿದರೆ ಎದೆಯೊಳಗೆ ಏನೋ ಹಿತವಾಗುತ್ತಿತ್ತು. ಮೂಡದಿದ್ದರೆ ಹಾಲು ಕರೆಯುವಾಗ ಹಸುವಿಗೆ ಬೈಯುತ್ತಿದ್ದಳು.

'ಇಷ್ಟು ಒಳ್ಳೆಯವನಾಗಿ ಯಾಕಿದ್ದಾನೆ? ಏನೋ ಇರಬೇಕು...'

ಅವಳು ಒಂದು ತಪ್ಪು ಮಾಡಿದಳು. ನೆಲಕ್ಕೆ ಬೆರಳು ಹಾಕಿ ನೋಡುವುದನ್ನು ನಿಲ್ಲಿಸಿದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ದೊಡ್ಡವರು. ಆದರೆ ಮನಸ್ಸು ಒಬ್ಬನನ್ನು ನಂಬಿದ ಮೇಲೆ ಬೆರಳಿಗೆ ಕೆಲಸ ಎಲ್ಲಿಯದು?

*

ರೇಷ್ಮೆ ಹುಳ ಬೆಳೆಯುತ್ತ ಬೆಳೆಯುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ತಿನ್ನದೆ ತಲೆ ಎತ್ತಿಕೊಂಡು ಸುಮ್ಮನಿರುತ್ತದೆ. ಸಾಕುವವರು ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳದ ಹಸಿವು ಮಾತ್ರ ಕೇಳಬೇಡಿ. ಹಗಲಿರುಳು ಸೊಪ್ಪು ಹಾಕಬೇಕು, ಅದೂ ನೀರುಂಡ ಸೊಪ್ಪನ್ನೇ ಹಾಕಬೇಕು. ಒಣಗಲು ಸೊಪ್ಪು ತಿಂದ ಹುಳ ಗೂಡು ಕಟ್ಟದೆ ಹಾಸಿಗೆಯಲ್ಲೇ ಸಾಯುತ್ತದೆ.

ಆ ದಿನಗಳಲ್ಲಿ ಹೇಮಶ್ರೀ ಹುಳದ ಮನೆ ಬಿಟ್ಟು ಹೊರಗೇ ಬಂದಿರಲಿಲ್ಲ. ಸೊಪ್ಪು ಕೊಯ್ದು ತರುವ ಕೆಲಸ ಅಪ್ಪನದು. ಕಿಕ್ಕೇರಿಯ ಮಗಳ ಮನೆಗೆ ಹೋಗಿದ್ದ ಅಜ್ಜಿ ಬೆಟ್ಟಮ್ಮನೂ ವಾಪಸ್ಸು ಬಂದು, ದಿನವೂ ಬುತ್ತಿ ಹಿಡಿದು ಮಗನ ಜೊತೆ ಹೊಲಕ್ಕೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಅಪ್ಪ ಇಳಿಸಿದ ಹೊರೆ ಬಿಚ್ಚಿದ ಹೇಮಶ್ರೀಯ ಕೈ ಅಲ್ಲೇ ನಿಂತಿತು. ಸೊಪ್ಪು ಬಾಡಿತ್ತು. ಅಂಚು ಸುಟ್ಟಂತೆ ಮುರುಟಿತ್ತು.

"ಏನಪ್ಪಾ ಇದು?"

"ನಂಗೂ ಎರಡು ದಿನದಿಂದ ಅದೇ ಯೋಚ್ನೆ ಕಣವ್ವ. ಆದ್ರೆ ಫೋನು ಹಸಿರು ತೋರ್ಸ್ತಾ ಅದಲ್ಲಾ..."

ಅವಳು ಬರಿಗಾಲಲ್ಲೇ ಹೊಲಕ್ಕೆ ಓಡಿದಳು. ಗಿಡಗಳೆಲ್ಲ ತಲೆ ಬಗ್ಗಿಸಿಕೊಂಡಿದ್ದವು. ಅಂಚಿನ ಸಾಲಿನಲ್ಲೇ ನೆಲಕ್ಕೆ ಬೆರಳು ಹಾಕಿದರೆ ಬರೀ ಧೂಳು. ಫೋನು ತೆಗೆದಳು. ಹಸಿರು ಚುಕ್ಕೆ ನೆಮ್ಮದಿಯಾಗಿ ಕೂತಿತ್ತು. ಮೂಲೆಯಲ್ಲಿ ಅವನ ಹೆಸರೂ ಇತ್ತು.

ಪಕ್ಕದ ಹೊಲದ ದ್ಯಾವಯ್ಯ ಬದುವಿನ ಮೇಲೆ ಬಂದು ನಿಂತ. "ನಾನು ಅವತ್ತೇ ಅಂದೆ. ಕೀಲಿ ಅವ್ನ ಕೈಲದೆ. ಬೇಕಂತ್ಲೇ ವಾಲ್ವು ಮುಚ್ಚವ್ನೆ ಕಣವ್ವಾ. ಇಷ್ಟು ನೀರು ಉಳಿಸ್ಬುಟ್ಟೆ ಅಂತ ಕಂಪನಿಗೆ ತೋರ್ಸ್ಬೇಕಲ್ಲಾ. ನಿನ್ನ ಹುಳ ಸತ್ರೆ ಅವ್ನಿಗೇನು?"

ಆ ಮಾತು ನೇರವಾಗಿ ಅವಳ ಹಳೆಯ ಗಾಯಕ್ಕೇ ತಾಗಿತು. 'ನೀರು... ಇವನಿಗೂ ಬೇಕಿದ್ದದ್ದು ನೀರೇ!'

ಅವಳು ಕರೆದ ಕೂಡಲೇ ನಿಂಗರಾಜು ಬೈಕಿನಲ್ಲಿ ಬಂದ. ಬದುವಿನ ಮೇಲೆ ಅಷ್ಟರಲ್ಲಿ ಜನ ಸೇರಿದ್ದರು. ಬೆಟ್ಟಮ್ಮ ಹೊಂಗೆ ಮರದ ಕೆಳಗೆ ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಕಿವಿ ಮಂದ, ಯಾರು ಏನು ಅನ್ನುತ್ತಿದ್ದಾರೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ.

"ವಾಲ್ವು ಯಾಕೆ ಮುಚ್ಚಿದ್ರಿ?" ಎಂದಳು ಹೇಮಶ್ರೀ. "ನಿಮ್ಮ ಲೆಕ್ಕ ಚೆನ್ನಾಗಿ ಕಾಣ್ಲಿ ಅಂತ ನನ್ನ ಹುಳ ಸಾಯ್ಬೇಕಾ?"

"ನಾನು ಮುಚ್ಚಿಲ್ಲ ಹೇಮಶ್ರೀಯವ್ರೇ. ಒಂದು ನಿಮಿಷ, ನೋಡ್ತೀನಿ."

ಅವನು ಸಾಲುಗಳ ನಡುವೆ ನುಗ್ಗಿ ಕಂಬದ ಬಳಿ ಕೂತ. ನೆಲ ಮುಟ್ಟಿದ. ಏನನ್ನೋ ಎತ್ತಿ ಗಿಡದ ಹಿಂದಕ್ಕೆ ಸರಿಸಿದ. ಆಮೇಲೆ ತಿರುಗಿ ಹೊಂಗೆ ಮರದ ಕಡೆ ನೋಡಿದ. ತುಂಬಾ ಹೊತ್ತು ನೋಡಿದ.

'ಸುಳ್ಳು ಹುಡುಕ್ತಾ ಇದ್ದಾನೆ,' ಅಂದುಕೊಂಡಳು ಹೇಮಶ್ರೀ.

ಅವನು ಎದ್ದು ಬಂದು ತಲೆ ತಗ್ಗಿಸಿ ನಿಂತ. "ತಪ್ಪು ನಂದೇ. ಕಡ್ಡಿ ಹೂಳಿದ ಜಾಗ ಸರಿ ಇಲ್ಲ. ಅದು ತಪ್ಪು ತೇವ ತೋರ್ಸಿದೆ."

"ಅಷ್ಟೇನಾ?"

"ಅಷ್ಟೇ."

ಆ ಒಂದು ಮಾತಿಗೆ ಅವಳೊಳಗೆ ಏನೋ ಮುರಿಯಿತು. ಜಗಳವಾಡಿದ್ದರೆ, ಆಣೆ ಇಟ್ಟಿದ್ದರೆ ಬೇಕಾದರೂ ನಂಬುತ್ತಿದ್ದಳೇನೋ. ಒಪ್ಪಿಕೊಂಡವನನ್ನು ಹೇಗೆ ನಂಬುವುದು?

"ಕಿತ್ಕೊಂಡು ಓಗಿ ನಿಮ್ಮ ಯಂತ್ರನ. ಇನ್ನೊಂದ್ಸಲ ಈ ಹೊಲದಲ್ಲಿ ಕಾಲಿಡ್ಬೇಡಿ."

ಅವನು ಕೈಯಾರೆ ವಾಲ್ವು ತಿರುಗಿಸಿ ನೀರು ಬಿಟ್ಟ. ಹಗ್ಗ ತಂದು, ಕಂಬ ಕಿತ್ತು ಬೈಕಿಗೆ ಕಟ್ಟಿದ. ಹೋಗುವಾಗ ಹೊಂಗೆ ಮರದ ಬಳಿ ನಿಂತು ಅಜ್ಜಿಯ ಕಿವಿಗೆ ಬಾಯಿಟ್ಟು ಏನೋ ಹೇಳಿದ. ಅದನ್ನೂ ಅವಳು ಅನುಮಾನದಿಂದಲೇ ನೋಡಿದಳು.

ಹೊಸ ನೀರುಂಡು ಗಿಡ ಚೇತರಿಸಿಕೊಳ್ಳಲು ದಿನಗಳು ಬೇಕು, ಹುಳದ ಹಸಿವು ಅಲ್ಲಿಯವರೆಗೆ ಕಾಯುವುದಿಲ್ಲ. ಅವಳು ಸೊಪ್ಪಿಲ್ಲದ ಹುಳದ ತಟ್ಟೆಗಳ ಮುಂದೆ ಕೂತು ಅಳುತ್ತಿದ್ದಾಗ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಒಂದು ಟೆಂಪೋ ನಿಂತಿತು. ಒದ್ದೆ ಗೋಣಿ ಹೊದಿಸಿದ ತಾಜಾ ಸೊಪ್ಪು. ಕಿಕ್ಕೇರಿಯಲ್ಲಿ ಒಂದಿಷ್ಟು, ಪಾಂಡವಪುರದ ಕಡೆ ಒಂದಿಷ್ಟು, ಮನೆಮನೆಗೆ ಹೋಗಿ ಕೇಳಿ ನಿಂಗರಾಜು ಕೊಯ್ಯಿಸಿ ಕಳಿಸಿದ್ದ. ಮಾರನೆಯ ದಿನವೂ ಬಂತು, ಅದರ ಮಾರನೆಯ ದಿನವೂ ಬಂತು. ಅವನು ಮಾತ್ರ ಬರಲಿಲ್ಲ.

'ಪಾಪಪ್ರಜ್ಞೆ,' ಅಂದುಕೊಂಡಳು. ಅಂದುಕೊಂಡು ಹುಳಕ್ಕೆ ಸೊಪ್ಪು ಹಾಕಿದಳು. ಹುಳ ಬಲಿತು ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರ ತಟ್ಟೆ ಹತ್ತಿ ಬೆಳ್ಳಗೆ ಗೂಡು ಕಟ್ಟಿದವು. ಫೋನಿನಲ್ಲಿ ಹೊಲದ ಚಿತ್ರವೂ ಇಲ್ಲ, ಅವನ ಹೆಸರೂ ಇಲ್ಲ. ಅವಳು ಆದರೂ ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದಳು, ಕಳೆದುಹೋದದ್ದೇನನ್ನೋ ಹುಡುಕುವಂತೆ.

*

ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮರುದಿನ ಅಜ್ಜಿ ಮೊಮ್ಮಗಳು ಹೊಲದಲ್ಲಿ ಬುತ್ತಿ ಬಿಚ್ಚಲು ಕೂತರು. ಬೆಟ್ಟಮ್ಮ ಚೊಂಬು ಎತ್ತಿಕೊಂಡು ಎದ್ದವರು, ಕಂಬವಿದ್ದ ಕಡೆ ನೋಡಿ ನಿಟ್ಟುಸಿರು ಬಿಟ್ಟು ಮತ್ತೆ ಕೂತರು.

"ಮರ್ತೇ ಓಯ್ತು ಕಣವ್ವ. ಈಗ ಯಾರ್ಗೆ ನೀರು ಕೊಡ್ಲಿ?"

"ಯಾರ್ಗೆ ಕೊಡ್ತಿದ್ದೆ ಅಜ್ಜಿ?"

"ಆ ಕಂಬುಕ್ಕೆ. ನಿಮ್ಮ ತಾತನ ಕಾಲ್ದಲ್ಲಿ ಹೊಲ ಕಾಯಕ್ಕೆ ಒಬ್ಬ ಇದ್ದ. ಕಾಯೋನ್ಗೆ ಮೊದ್ಲು ನೀರು ಕೊಟ್ಟು, ಆಮೇಲೆ ನಾವು ಉಣ್ತಿದ್ದುದ್ದು. ಈಗ ಅದು ನಿಂತಿತ್ತಲ್ಲಾ ಕಾವಲಿಗೆ. ಹಗಲೂ ರಾತ್ರೆ ದೀಪ ಹಚ್ಕೊಂಡು, ಪಾಪ, ನೆಳ್ಳಿಲ್ಲ ಏನಿಲ್ಲ. ಬಂದ ತಕ್ಷಣ ಒಂದು ಚೊಂಬು, ಓಗೋವಾಗ ಒಂದು ಚೊಂಬು ಬುಡಕ್ಕೆ ಉಯ್ತಿದ್ದೆ."

ಹೇಮಶ್ರೀಯ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

ಕಡ್ಡಿ ಹೂತಿದ್ದದ್ದು ಆ ಬುಡದಲ್ಲೇ. ಅಜ್ಜಿ ಎರೆದ ನೀರು ಕುಡಿದು ಅದು 'ನೆಲ ತಣ್ಣಗಿದೆ' ಎಂದು ದಿನವೂ ಹೇಳಿದೆ. ವಾಲ್ವು ಮುಚ್ಚಿಯೇ ಇದೆ. ಆ ಒಂದು ಗೇಣು ನೆಲ ಬಿಟ್ಟು ತೋಟವೆಲ್ಲ ಒಣಗಿದೆ.

"ಅಜ್ಜಿ... ಅವ್ರಿಗೆ ಇದು ಗೊತ್ತಿತ್ತಾ?"

"ಆ ಹುಡ್ಗನ್ಗಾ? ಒದ್ದೆ ನೆಲ ನೋಡ್ದ, ನನ್ನ ಚೊಂಬು ಅಲ್ಲೇ ಬಿದ್ದಿತ್ತು. ಬಂದು ಕಿವೀಲಿ ಅಂದ, 'ಚೊಂಬು ಗಿಡದ ಹಿಂದೆ ಮಡಗಿವ್ನಿ. ನೀರು ಉಯ್ದಿದ್ದ ಯಾರ್ಗೂ ಹೇಳ್ಬೇಡಿ, ನಮ್ಮಿಬ್ರಲ್ಲೇ ಇರ್ಲಿ' ಅಂತ. ನಂಗೂ ಮರ್ತೋಯ್ತು. ಯಾಕವ್ವ, ಏನಾಯ್ತು?"

ಹೇಮಶ್ರೀ ಹೇಳಿದಳು. ಅಜ್ಜಿಗೆ ಅರ್ಥವಾಗಲಿಲ್ಲ.

"ನೀರು ಉಯ್ದ್ರೆ ಬೆಳೆ ಒಣಗ್ತದಾ? ಎಲ್ಲಾರ ಉಂಟಾ?"

ಮತ್ತೊಮ್ಮೆ ಬಿಡಿಸಿ ಹೇಳಿದಳು. ಈ ಸಲ ಬೆಟ್ಟಮ್ಮ ಚೊಂಬನ್ನು ದೂರ ಸರಿಸಿದರು.

"ಅಂಗಾರೆ ಆ ಮಗ ನನ್ನ ತಪ್ಪ ತಾನು ಹೊತ್ಕೊಂಡು ಓದ್ನಾ?"

ಹೇಮಶ್ರೀ ಅಜ್ಜಿಯ ಮಡಿಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮಾರನೆಯ ಬೆಳಿಗ್ಗೆ ಬೆಟ್ಟಮ್ಮ ತಾವೇ ಹಾಲಿನ ಡೇರಿಗೆ ಹೋದರು. ಊರೆಲ್ಲ ಕ್ಯಾನು ಹಿಡಿದು ನಿಂತಿದ್ದ ಹೊತ್ತು. "ಹುಡ್ಗನ ತಪ್ಪಲ್ಲ ಕಣ್ರಪ್ಪಾ, ಯಂತ್ರದ ತಪ್ಪೂ ಅಲ್ಲ. ನಾನೇ ಅದ್ರ ಹೊಟ್ಟೆ ತುಂಬಿಸ್ಬುಟ್ಟಿದ್ದೆ. ಹೊಟ್ಟೆ ತುಂಬ್ದೋನ್ಗೆ ಹಸ್ದೋರ ಸಂಕ್ಟ ಎಂಗೆ ಗೊತ್ತಾದದು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೆಟ್ಟಮ್ಮನೂ ನಕ್ಕರು. ದ್ಯಾವಯ್ಯ ಮಾತ್ರ ತಲೆ ಕೆರೆದುಕೊಂಡು, "ಅಂಗಾದ್ರೆ ಅವ್ನ ಕರೀರಿ ಮತ್ತೆ. ನನ್ನ ಬೋರೂ ಗಾಳಿ ಉಗುಳ್ತಾ ಅದೆ," ಎಂದ.

ನಿಂಗರಾಜು ಫೋನು ಎತ್ತಲಿಲ್ಲ. ಕೆಂಪಣ್ಣ ಅವರಿವರನ್ನು ವಿಚಾರಿಸಿ ಪತ್ತೆ ಹಚ್ಚಿದರು. ಪರೀಕ್ಷೆ ಕೆಡಿಸಿದ ಎಂದು ಕಂಪನಿ ಅವನನ್ನು ಆ ಕೆಲಸದಿಂದ ತೆಗೆದು, ಲೋಕಪಾವನಿ ಹೊಳೆಯಲ್ಲಿ ನೀರಿನ ಮಟ್ಟ ಅಳೆಯುವ ಕಂಬಗಳನ್ನು ತೊಳೆಯಲು ಹಾಕಿತ್ತು.

*

ಬಸ್ಸಿನಲ್ಲಿ ಪಾಂಡವಪುರ, ಅಲ್ಲಿಂದ ಶ್ರೀರಂಗಪಟ್ಟಣ. ದಾರಿಯುದ್ದಕ್ಕೂ ಹೇಮಶ್ರೀಯ ಮನಸ್ಸು ಬಾಯಿ ಮುಚ್ಚಲಿಲ್ಲ. 'ಯಾರಿಗೋಸ್ಕರ ಮಾಡಿದ? ಕರುಣೆಯೋ... ಪ್ರೀತಿಯೋ? ಈಗ ಮುಖ ತಿರುಗಿಸಿದರೆ?'

ಕರಿಘಟ್ಟದ ಬುಡದಲ್ಲಿ, ಹೊಳೆಯಂಚಿನಲ್ಲಿ ಪ್ಯಾಂಟು ಮಡಚಿಕೊಂಡು ಅವನು ಕಂಬದ ಪಾಚಿ ಉಜ್ಜುತ್ತಿದ್ದ. ಅವಳನ್ನು ಕಂಡದ್ದೇ ಅವನ ಕೈಯಿಂದ ಬ್ರಷ್ಷು ನೀರಿಗೆ ಬಿತ್ತು.

"ಯಾಕೆ ಹೇಳ್ಲಿಲ್ಲ?" ಎಂದಳು, ಬೇರೇನೂ ಕೇಳದೆ.

ಅವನಿಗೆ ತಿಳಿಯಿತು. "ಅಷ್ಟು ಜನದ ಮುಂದೆ ಎಂಗೆ ಹೇಳ್ಲಿ? ಹುಳ ಸತ್ತಿದ್ರೆ, ನನ್ನ ಕೈಯಾರೆ ಕೊಂದೆ ಅಂತ ಅಜ್ಜಿ ಕೊರಗ್ಬೇಕಿತ್ತು. ನನ್ನ ಮೇಲೆ ಹೆಂಗೂ ನಿಮಗೆ ಅನುಮಾನ ಇತ್ತಲ್ಲಾ... ಇದೂ ಒಂದು ಇರ್ಲಿ ಅಂತ ಬಿಟ್ಟೆ."

"ನನಗಾದ್ರೂ ಹೇಳ್ಬೋದಿತ್ತು."

"ನಂಬ್ತಿದ್ರಾ? ತಪ್ಪನ್ನ ಮುದುಕಿ ಮೇಲೆ ಹಾಕ್ತಾ ಅವ್ನೆ ಅಂತಿದ್ರಿ."

ಹೌದು, ಅನ್ನುತ್ತಿದ್ದಳು, ಖಂಡಿತ ಅನ್ನುತ್ತಿದ್ದಳು. ಕಣ್ಣು ತುಂಬಿ ಬಂತು.

"ತಪ್ಪಾಯ್ತು. ಅಷ್ಟು ಜನದ ಮುಂದೆ ಅಂದೆ, ನೀವು ಆ ಕೆಲಸ ಕಳ್ಕೊಂಡ್ರಿ. ಅಜ್ಜಿ ಡೇರೀಲಿ ನಿಂತು ಎಲ್ಲರ್ಗೂ ಹೇಳವ್ಳೆ. ಊರೋರೆಲ್ಲಾ ಸಹಿ ಹಾಕಿ ನಿಮ್ಮ ಕಂಪನಿಗೆ ಕಳ್ಸವ್ರೆ, ಪರೀಕ್ಷೆ ಮುಂದುವರಿಸಿ, ನಿಂಗರಾಜುನೇ ಬರ್ಬೇಕು ಅಂತ."

ಅವನು ಹೊಳೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಅವಳು ಅದನ್ನು ನೋಡಿಯೂ ನೋಡದಂತೆ ನಿಂತಳು.

"ಒಂದು ಕೇಳ್ಲಾ?" ಎಂದಳು ಮೆಲ್ಲಗೆ. "ಬೇರೆ ಯಾರ ಅಜ್ಜಿ ಆಗಿದ್ರೂ ಅಂಗೇ ಮಾಡ್ತಿದ್ರಾ?"

"ಮಾಡ್ತಿದ್ದೆ."

ಅವಳ ಮುಖ ಸಪ್ಪಗಾಯಿತು.

"ಅಜ್ಜಿ ಯಾರಾದ್ರೂ ಅಷ್ಟೇ," ಎಂದ ನಿಂಗರಾಜು. "ಆದ್ರೆ ಸೊಪ್ಪು ಹುಡುಕ್ಕೊಂಡು ಕಂಡೋರ ಬಾಗ್ಲಲ್ಲೆಲ್ಲಾ ನಿಂತು ಬೇಡಿದ್ದು... ಅದು ನಿಮಗೆ ಮಾತ್ರ."

ಹೇಮಶ್ರೀಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಅವಳ ಬೋರು, ವಾಲ್ವು, ಹೊಲ ಯಾವುದೂ ಇಲ್ಲದ ಈ ದಡದಲ್ಲಿ ಅವನು ನೋಡುತ್ತಿದ್ದದ್ದು ಅವಳ ಮುಖವನ್ನೇ.

"ನಿಮ್ಮನ್ನ ಕಂಡ್ರೆ ನನಗೆ ಇಷ್ಟ," ಎಂದಳು, ಅವನ ಕಣ್ಣನ್ನೇ ನೋಡುತ್ತ. "ಹೇಳ್ಬಿಟ್ಟೆ. ಇನ್ನು ನೀವುಂಟು, ನಿಮ್ಮ ಮನಸ್ಸುಂಟು."

"ನನ್ನ ಮನ್ಸಿಗೆ ಇದು ಯಾವತ್ತೋ ಗೊತ್ತಿತ್ತು. ಕುಡ್ಲಿಗೆ ಹೆದರ್ಕೊಂಡು ಬಾಯಿ ಬಿಟ್ಟಿರ್ಲಿಲ್ಲ." ಅವನು ಹತ್ತಿರ ಬಂದು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಬೆರಳು ಹಿಡಿದ. "ನಮ್ಮವ್ವನ್ನ ಯಾವಾಗ ಕರ್ಕೊಂಡು ಬರ್ಲಿ?"

"ಹೊಸ ಹುಳ ಬಂದವೆ. ಅವು ಮೊದಲ್ನೇ ಜ್ವರಕ್ಕೆ ಕೂತ ದಿನ ಬನ್ನಿ. ಅವತ್ತು ಸೊಪ್ಪು ಹಾಕೋ ಕೆಲಸ ಇರಲ್ಲ. ಮನೇರೆಲ್ಲಾ ಕೂತು ಮಾತಾಡ್ಬೋದು."

"ಆಯ್ತು."

ಅವಳು ಬೆರಳು ಬಿಡಿಸಿಕೊಳ್ಳಲಿಲ್ಲ. "ಬಂದೇ ಬರ್ತೀರಾ ತಾನೇ?"

"ಯಾಕೆ, ಇನ್ನೂ ಅನುಮಾನನಾ?"

"ಊಹೂಂ..." ಎಂದಳು ಹೇಮಶ್ರೀ, ತಲೆ ತಗ್ಗಿಸಿ. "ಆಸೆ."